ಅಪ್ಪನ ಬೀಡಿ, ಮಗಳ ಉಸಿರು

ಮಗಳಿಗಿನ್ನೂ ನಾಲ್ಕು ತಿಂಗಳು. ಮೊನ್ನೆ ಮತ್ತೆ ಎದೆಯಲ್ಲಿ ಗೊರಗೊರ. "ಮನೇಲಿ ಯಾರಾದ್ರೂ ಸೇದ್ತಾರಾ?" ಅಂದ್ರು ಡಾಕ್ಟರು. "ಅಪ್ಪ, ಬೀಡಿ. ಆದ್ರೆ ಕಿಟಕಿ ಹತ್ರ ಕೂತು ಸೇದ್ತಾರೆ" ಅಂದೆ, ಏನೋ ದೊಡ್ಡ ಉಪಾಯ ಕಂಡುಹಿಡಿದವನ ಹಾಗೆ!

ಕಿಟಕಿ ತೆಗೆದರೆ ಸಾಲದಂತೆ. ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 40 ಸಲಕ್ಕೂ ಹೆಚ್ಚು ಉಸಿರಾಡಬಹುದು. ಶ್ವಾಸನಾಳವೋ, ಬಲು ಸಣ್ಣದು. ಕಿವಿ ಸೋಂಕು, ನ್ಯುಮೋನಿಯಾ ಸರಿ... ನಿದ್ದೆಯಲ್ಲೇ ಮಗು ಹಠಾತ್ತನೆ ತೀರಿಹೋಗುವ ಅಪಾಯವೂ ಹೆಚ್ಚು ಅಂದಾಗ ನನ್ನ ಕೈ ತಣ್ಣಗಾಯಿತು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ ಅಂತ ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿತ್ತು.

ಆದರೆ ಅಪ್ಪನಿಗೆ ಹೇಳೋದು ಹೇಗೆ ಮಾರಾಯ್ರೇ? ಹೇಳಿದೆ. "ನಿನ್ನನ್ನೂ ಹೀಗೇ ಎತ್ತಾಡಿಸಿದ್ದಲ್ವಾ, ನಿನಗೇನಾಗಿದೆ?" ಅಂದರು. ನನ್ನ ಇನ್ಹೇಲರ್ ಅಲ್ಲೇ ಮೇಜಿನ ಮೇಲಿತ್ತು. ತೋರಿಸಲು ಮನಸ್ಸಾಗಲಿಲ್ಲ. ಅವರೇ ನೋಡಿದರು.

ಈಗ ತೋಟಕ್ಕೆ ಹೋಗಿ ಸೇದುತ್ತಾರೆ. ನಿನ್ನೆ ಸಂಜೆ ಮಗು ಅಳುತ್ತಿದ್ದರೂ ಎತ್ತಿಕೊಳ್ಳದೆ ಬಾಗಿಲಲ್ಲೇ ನಿಂತು, "ಇರು ಪುಟ್ಟಿ, ಅಂಗಿ ಬದಲಿಸಿ ಬಂದೆ" ಅಂದರು.