ತಗ್ಗಿ ನಡೆಯುವ ಗಾಡಿ

ಯಮಾಹಾ ಆರ್‌ಎಕ್ಸ್ 100 ಗಾಡಿಯ ತಯಾರಿಕೆ ನಮ್ಮ ದೇಶದಲ್ಲಿ 1996ರಲ್ಲಿ ನಿಂತಿತು. ಆದರೆ ಅದರ ಮೇಲೆ ಯಜಮಾನರಿಗಿದ್ದ ಮಮತೆ ನಿಲ್ಲಲಿಲ್ಲ. ಗಾಡಿಗೂ ಮುಪ್ಪು ಬರುತ್ತದೆಂಬುದನ್ನು ಮಾತ್ರ ಅವರು ಮರೆತಿದ್ದರು.

ಒಂದು ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಬರುವಾಗ ನಾಯಿಯೊಂದು ಅಡ್ಡ ಬಂದಿತು. ಬ್ರೇಕು ಹಿಡಿದೊಡನೆ ಗಾಡಿಯ ಮೂತಿ ಕುಸಿದು, ಫೋರ್ಕು ತಳಕ್ಕೆ ಬಡಿಯಿತು; ಮಗಳು ತಂದೆಯ ಬೆನ್ನಿಗೆ ಅಪ್ಪಳಿಸಿದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಆ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ.

ಮರುವಾರವೇ ಗಡಸಾದ ಹೊಸ ಸ್ಪ್ರಿಂಗುಗಳು ಬಂದವು. ನೋಟಕ್ಕೆ ಹಳೆಯವುಗಳಂತೆಯೇ ಇದ್ದುವು. ಆದರೆ ಉಳಿದುದೆಲ್ಲ ಸಮನಾಗಿದ್ದು, ತಂತಿಯ ದಪ್ಪ ನೂರಕ್ಕೆ 5ರಷ್ಟು ಹೆಚ್ಚಿದರೂ ಗಡಸು ನೂರಕ್ಕೆ ಸುಮಾರು 21ರಷ್ಟು ಹೆಚ್ಚುತ್ತದೆ. ಇಷ್ಟೂ ಸಾಲದೆಂದು ಅವರು ಸ್ಪ್ರಿಂಗುಗಳ ಮೇಲೆ ಉದ್ದನೆಯ ಕೊಳವೆಯ ತುಂಡುಗಳನ್ನಿಟ್ಟು ಮುಚ್ಚಳ ಬಿಗಿದರು. ಗಾಡಿ ಈಗ ತಲೆ ಬಾಗಿಸಲಿಲ್ಲ. ಬದಲಿಗೆ ಪ್ರತಿ ಗುಂಡಿಯಲ್ಲೂ ಚಕ್ರ ಪುಟಿಯಿತು, ಮಣಿಕಟ್ಟು ನೋಯಿತು.

“ಮೊದಲೇ ವಾಸಿಯಾಗಿತ್ತಪ್ಪಾ” ಎಂದಳು ಮಗಳು.

ಭಾರಕ್ಕೆ ತಕ್ಕಷ್ಟು ಸ್ಪ್ರಿಂಗು ಕುಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದನು. ಮೇಲಿಟ್ಟ ಕೊಳವೆಯಿಂದ ಸ್ಪ್ರಿಂಗಿನ ಗಡಸು ಹೆಚ್ಚುವುದಿಲ್ಲ. ಗಾಡಿಯ ಮುಂಭಾಗ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೆ. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯಬೇಕಾದರೆ, ಸವಾರನ ಭಾರಕ್ಕೆ ಫೋರ್ಕು ಮೊದಲೇ ಕೊಂಚ ತಗ್ಗಿರಬೇಕು. ಅದರ ಪೂರ್ಣ ಚಲನೆ 120 ಮಿಲಿಮೀಟರಾದರೆ 30ರಿಂದ 40ರಷ್ಟು ತಗ್ಗುವುದು ಹಿತ.

ಇದನ್ನು ಒಬ್ಬರೇ ಅಳೆಯುವಂತಿಲ್ಲ. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಅಂಗಳಕ್ಕಿಳಿದರು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಒಮ್ಮೆ ಅಳೆದುದಾಯಿತು. ಬಳಿಕ ಯಜಮಾನರು ಏರಿ ಕುಳಿತರು. ಮಡದಿ ಗಾಡಿಯನ್ನು ನೆಟ್ಟಗೆ ಹಿಡಿದರು. ಮಗಳು ಅಳತೆಪಟ್ಟಿ ಹಿಡಿದಳು. ಫೋರ್ಕನ್ನು ಒತ್ತಿ ಮೆಲ್ಲನೆ ಬಿಟ್ಟಾಗ 16, ಎತ್ತಿ ಮೆಲ್ಲನೆ ಬಿಟ್ಟಾಗ 12. ಸರಾಸರಿ ಕೇವಲ 14 ಮಿಲಿಮೀಟರು.

“ಇನ್ನೂ ಸ್ವಲ್ಪ ತಗ್ಗಿದರೆ ಏನು ಗಂಟು ಹೋಗುತ್ತದೆ ಅಂದ್ರೆ?” ಎಂದರು ಮಡದಿ. ಮಾತು ಗಾಡಿಯನ್ನು ಕುರಿತದ್ದೇ ಎಂಬುದು ಸ್ಪಷ್ಟವಾಗಲಿಲ್ಲ.

ಎರಡೂ ಕೊಳವೆಗಳಿಂದ 18 ಮಿಲಿಮೀಟರು ಸಮನಾಗಿ ಕತ್ತರಿಸಲಾಯಿತು. ಅಳತೆ 32ಕ್ಕೆ ಬಂದಿತು. ಗಡಸು ಸ್ಪ್ರಿಂಗು ಜೋರಾಗಿ ಪುಟಿಯದಂತೆ ಕೊಂಚ ಮಂದವಾದ ಎಣ್ಣೆಯನ್ನು ಎರಡೂ ಕಡೆ ಸಮಮಟ್ಟಕ್ಕೆ ತುಂಬಿದರು. ಫೋರ್ಕಿನ ನಳಿಗೆಗೆ ಮಗಳ ತಲೆಗೂದಲಿನ ರಬ್ಬರು ಬಳೆಯೊಂದನ್ನು ತೊಡಿಸಿದರು. ಫೋರ್ಕು ಎಷ್ಟು ಕುಗ್ಗಿದರೆ ಅದು ಅಷ್ಟು ಮೇಲಕ್ಕೆ ಸರಿಯುತ್ತದೆ.

ಸಂಜೆ ಜನರಿಲ್ಲದ ರಸ್ತೆಯಲ್ಲಿ ಅವರು ಒಬ್ಬರೇ ಹೋಗಿ ಬಲವಾಗಿ ಬ್ರೇಕು ಹಿಡಿದರು. ಗಾಡಿ ತಗ್ಗಿತು, ಬಡಿಯಲಿಲ್ಲ. ಇಳಿದು ನೋಡಿದರೆ, ಬಳೆ ಕೊನೆಯ ಮಿತಿಗೆ ಒಂದು ಬೆರಳಗಲ ಈಚೆಗೇ ನಿಂತಿತ್ತು.

ಮರುದಿನ ಬೆಳಿಗ್ಗೆ ಮಗಳು ತಾನಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.