ಬಣ್ಣದ ಬೆಲೆ: ವಾಹಾಕಾ ಕಣಿವೆಯ ಕುಶಲಕರ್ಮಿಗಳ ನಡುವೆ

ಮೆಕ್ಸಿಕೋ ಎಂದೊಡನೆ ಅದು ಭೂಗೋಳದ ಆಚೆಯ ಮಗ್ಗುಲಿನ ಅಪರಿಚಿತ ನಾಡೆಂದು ನಮಗೆ ತೋರುವುದು ಸಹಜ. ಆದರೆ ನಮ್ಮ ಒಗ್ಗರಣೆಗೆ ಬೀಳುವ ಮೆಣಸಿನಕಾಯಿ, ಹೊಲದಲ್ಲಿ ತೂಗುವ ಮೆಕ್ಕೆಜೋಳ, ಪೂಜೆಗೆಂದು ಕೊಯ್ಯುವ ಚೆಂಡುಹೂ, ಸುಗಂಧರಾಜ ಇವೆಲ್ಲವುಗಳ ತವರು ಆ ನೆಲವೇ. ನಮ್ಮ ಮನೆಗಳಿಗೆ ಇಷ್ಟೆಲ್ಲವನ್ನು ಕೊಟ್ಟ ನಾಡಿನ ಜನ ತಮ್ಮ ಕೈಗಳಿಂದ ಏನನ್ನು ಮಾಡುತ್ತಾರೆ, ಅದನ್ನು ಎಲ್ಲಿ ಮಾರುತ್ತಾರೆ, ಅದರಿಂದ ಹೇಗೆ ಬಾಳುತ್ತಾರೆ ಎಂಬುದನ್ನು ಕಾಣುವ ಬಯಕೆ ನನಗೆ ಬಹುಕಾಲದಿಂದ ಇತ್ತು. ಅಮೆರಿಕೆಯಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗಿಬರುವ ಹಿರಿಯರು ಈಗ ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ಅಂಥದೊಂದು ಪ್ರಯಾಣದ ನಡುವೆ, ಎಂಟು ಜನರ ಚಿಕ್ಕ ತಂಡದೊಡನೆ ದಕ್ಷಿಣ ಮೆಕ್ಸಿಕೋದ ವಾಹಾಕಾ ಕಣಿವೆಯಲ್ಲಿ ಒಂದು ವಾರ ಕಳೆಯುವ ಸುಯೋಗ ಒದಗಿತು.

ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳ ನಡುವೆ ಹರಡಿರುವ ಈ ಕಣಿವೆ ಜಾಪೊಟೆಕ್ ಜನರ ಪುರಾತನ ನೆಲೆ. ಮಿತ್ಲಾ ಊರಿನ ಸಮೀಪದ ಗುಹೆಗಳಲ್ಲಿ ಸುಮಾರು ಹತ್ತು ಸಾವಿರ ವರ್ಷಗಳಷ್ಟು ಹಳೆಯ ಕುಂಬಳಜಾತಿಯ ಬೀಜಗಳು ದೊರೆತಿವೆ. ಮೆಕ್ಸಿಕೋದ ರಾಷ್ಟ್ರಾಧ್ಯಕ್ಷರಾಗಿದ್ದ ಬೆನಿತೊ ಹುವಾರೆಸ್ ಇದೇ ಸೀಮೆಯ ಬೆಟ್ಟದ ಹಳ್ಳಿಯೊಂದರಲ್ಲಿ 1806ರಲ್ಲಿ ಜನಿಸಿದ ಜಾಪೊಟೆಕ್ ರೈತರ ಮಗ. ವಾಹಾಕಾ ನಗರದ ಹಳೆಯ ಭಾಗವನ್ನೂ ಮೋಂತೆ ಆಲ್ಬಾನ್ ಎಂಬ ಬೆಟ್ಟದ ಮೇಲಿನ ಪ್ರಾಚೀನ ಪಟ್ಟಣವನ್ನೂ 1987ರಲ್ಲಿ ವಿಶ್ವಪರಂಪರೆಯ ತಾಣಗಳೆಂದು ಘೋಷಿಸಲಾಯಿತು. ಇವೆಲ್ಲ ನೋಡತಕ್ಕವೇ. ಆದರೆ ನಮ್ಮ ಪ್ರವಾಸದ ಗುರಿ ಕಟ್ಟಡಗಳಲ್ಲ, ಕಸುಬುಗಳು. ದೊಡ್ಡ ಬಸ್ಸುಗಳು ನಿಲ್ಲುವ ಮಳಿಗೆಗಳನ್ನು ಬಿಟ್ಟು, ಒಂದೇ ವ್ಯಾನಿನಲ್ಲಿ, ಸ್ಪ್ಯಾನಿಷ್ ಮತ್ತು ಜಾಪೊಟೆಕ್ ಎರಡನ್ನೂ ಬಲ್ಲ ಮಾರ್ಗದರ್ಶಿಯೊಡನೆ ಕುಶಲಕರ್ಮಿಗಳ ಮನೆಗಳಿಗೇ ಹೋದೆವು. ಎಂಟು ಜನರಾದರೆ ಮನೆಯಂಗಳದಲ್ಲಿ ಕೂರಬಹುದು, ಪ್ರಶ್ನೆ ಕೇಳಬಹುದು, ಉತ್ತರ ಬರುವವರೆಗೆ ಕಾಯಬಹುದು. ನಲವತ್ತು ಜನರಿಗೆ ಅದು ಸಾಧ್ಯವಾಗದು.

ತೆಯೊತಿತ್ಲಾನ್ ಊರಿನ ಮಗ್ಗಗಳು

ನಗರದ ಪೂರ್ವಕ್ಕೆ ಅರ್ಧ ಗಂಟೆಯ ಹಾದಿ ಕ್ರಮಿಸಿದರೆ ತೆಯೊತಿತ್ಲಾನ್ ದೆಲ್ ವಾಯೆ ಎಂಬ ನೇಕಾರರ ಊರು. ಇಲ್ಲಿ ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಮಗ್ಗದ ಸದ್ದು ಕೇಳುತ್ತದೆ. ಸ್ಪೇನಿನವರು ಬರುವ ಮುಂಚೆ ಇಲ್ಲಿನವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೇಯುವ ಮಗ್ಗದಲ್ಲಿ ಹತ್ತಿಯ ಬಟ್ಟೆ ನೇಯುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಕುರಿಗಳೂ, ಕಾಲಿನಿಂದ ತುಳಿದು ನಡೆಸುವ ಮರದ ಮಗ್ಗವೂ ಬಂದವು. ಅಂದಿನಿಂದ ಉಣ್ಣೆಯ ಹೊದಿಕೆ, ನೆಲಹಾಸುಗಳು ಇವರ ಕೈಯಿಂದ ಹೊರಬರುತ್ತಿವೆ. ಮಿತ್ಲಾದ ಹಳೆಯ ಅರಮನೆಗಳ ಗೋಡೆಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ತುಣುಕುಗಳನ್ನು ಜೋಡಿಸಿ ಮಾಡಿದ ಮೆಟ್ಟಿಲು ಮೆಟ್ಟಿಲಾದ ಸುರುಳಿಯ ವಿನ್ಯಾಸಗಳಿವೆ. ಅವೇ ಇಂದು ಈ ನೆಲಹಾಸುಗಳ ಅಂಚಿನಲ್ಲಿ ಮೂಡುತ್ತವೆ.

ನಾವು ಹೋದ ಮನೆಯಲ್ಲಿ ಮೂರು ತಲೆಮಾರಿನವರು ಒಂದೇ ಅಂಗಳದಲ್ಲಿ ಕೆಲಸಕ್ಕೆ ಕುಳಿತಿದ್ದರು. ಅಜ್ಜಿ ಉಣ್ಣೆ ಹಿಂಜಿ ನೂಲುತ್ತಿದ್ದರು. ಸೊಸೆ ಬಣ್ಣದ ಹಂಡೆಯ ಬಳಿ ಇದ್ದರು. ಮಗ ಹಾಸಿನ ನಡುವೆ ಹೊಕ್ಕಿನ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ತೂರಿಸುತ್ತಿದ್ದರು. ಚಿತ್ರದ ಪ್ರತಿಯೊಂದು ಬಣ್ಣಕ್ಕೂ ಎಳೆ ಬದಲಿಸಬೇಕಾದ್ದರಿಂದ ಚಿಕ್ಕ ನೆಲಹಾಸಿನ ನೇಯ್ಗೆಗೇ ವಾರಗಳು ಹಿಡಿಯುತ್ತವೆ.

ಕಳ್ಳಿಯ ಮೇಲಿನ ಕೆಂಪು

ಈ ಮನೆಯ ಹಿತ್ತಿಲಿನ ನೆರಳಿನಲ್ಲಿ ಪಾಪಾಸುಕಳ್ಳಿಯ ಹಾಳೆಗಳನ್ನು ತೂಗುಹಾಕಿದ್ದರು. ಅವುಗಳ ಮೇಲೆ ಬೂದಿ ಸಿಡಿದಂತೆ ಬಿಳಿಯ ಚುಕ್ಕೆಗಳು. ಒಂದು ಚುಕ್ಕೆಯನ್ನು ಅಂಗೈಯಲ್ಲಿಟ್ಟು ಹಿಸುಕಿದರೆ ಗಾಢವಾದ ಕೆಂಪು ಹರಿಯಿತು. ಇದೇ ಕೊಚಿನೀಲ್ ಹುಳು. ಬಣ್ಣ ಕೊಡುವುದು ಹೆಣ್ಣು ಹುಳು ಮಾತ್ರ. ಸುಮಾರು ಮೂರು ತಿಂಗಳು ಬೆಳೆದ ಹುಳುಗಳನ್ನು ಗುಡಿಸಿ ತೆಗೆದು, ಒಣಗಿಸಿ, ಕಲ್ಲಿನ ಮೇಲೆ ಅರೆದು, ಪಟಿಕ ಹಾಕಿದ ನೀರಿನಲ್ಲಿ ಉಣ್ಣೆಯೊಡನೆ ಕುದಿಸುತ್ತಾರೆ. ನಿಂಬೆರಸ ಬೆರೆಸಿದರೆ ಬಣ್ಣ ಕಿತ್ತಳೆಯ ಕಡೆಗೆ ತಿರುಗುತ್ತದೆ. ಸುಣ್ಣ ತಾಗಿಸಿದರೆ ನೇರಳೆಯಾಗುತ್ತದೆ. ಒಂದು ಪೌಂಡು ಒಣಪುಡಿಗೆ ಎಪ್ಪತ್ತು ಸಾವಿರದಷ್ಟು ಹುಳುಗಳು ಬೇಕು.

ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದಿಂದ ಹೊರಹೋಗುತ್ತಿದ್ದ ಸರಕುಗಳಲ್ಲಿ ಬೆಳ್ಳಿಯ ನಂತರದ ಸ್ಥಾನ ಈ ಪುಡಿಯದು. ಇದು ಬೀಜವೋ ಜೀವಿಯೋ ಎಂಬುದು ಯುರೋಪಿನವರಿಗೆ ಬಹುಕಾಲ ತಿಳಿದಿರಲಿಲ್ಲ. ಸ್ಪೇನು ಆ ಗುಟ್ಟನ್ನು ಕಾಪಾಡಿತು. 1777ರಲ್ಲಿ ಮೆನೊವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಾಹಾಕಾಕ್ಕೆ ಬಂದು ಹುಳುವಿದ್ದ ಕಳ್ಳಿಗಳನ್ನು ಕದ್ದೊಯ್ದ. ಭಾರತಕ್ಕೂ ಇದರ ನಂಟು ಉಂಟು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಇದೇ ಹುಳುವೆಂದು ಭಾವಿಸಿ ಬೇರೊಂದು ಜಾತಿಯ ಹುಳುವನ್ನು ಭಾರತಕ್ಕೆ ತರಲಾಯಿತು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಹುಳು ಮಾತ್ರ ಹಬ್ಬಿ, ಒಂದು ಜಾತಿಯ ಕಳ್ಳಿಯನ್ನೇ ತಿಂದುಹಾಕಿತು. 1856ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರಾಸಾಯನಿಕ ಬಣ್ಣ ಹುಟ್ಟಿದ ಮೇಲೆ ಕೊಚಿನೀಲ್ ತನ್ನ ಬೆಲೆ ಕಳೆದುಕೊಂಡಿತು. ಇಂದು ಕೆಲವು ತಿಂಡಿತಿನಿಸುಗಳಲ್ಲಿಯೂ ತುಟಿಬಣ್ಣಗಳಲ್ಲಿಯೂ ಇದೇ ಹುಳುವಿನ ಕೆಂಪು ಇರುತ್ತದೆಂಬುದನ್ನು ಸಸ್ಯಾಹಾರಿಗಳು ಅರಿತಿರಬೇಕು. ಪೊಟ್ಟಣದ ಮೇಲೆ ಇ120 ಎಂದಿದ್ದರೆ ಅದು ಇದೇ.

ನಮ್ಮ ತಂಡದ ಸಸ್ಯಾಹಾರಿ ತಾಯಿಯೊಬ್ಬರು ಆ ಕೆಂಪು ಹಾಸನ್ನು ಮುಟ್ಟಲೂ ಹಿಂಜರಿದರು. ಇದು ಕಡೆಗಣಿಸತಕ್ಕ ಅಳುಕಲ್ಲ. ಆದರೆ ಬಿಸಿನೀರಿಗೆ ಬಿದ್ದ ರೇಷ್ಮೆಗೂಡಿನಿಂದ ತೆಗೆದ ನೂಲನ್ನು ಮದುವೆ ಮುಂಜಿಗಳಲ್ಲಿ ಉಡುವ ನಾವು, ಈ ಬಡ ನೇಕಾರರ ಮುಂದೆ ನ್ಯಾಯಾಧೀಶರಾಗಿ ನಿಲ್ಲಲಾರೆವು. ಬಣ್ಣಕ್ಕೆ ಜೀವದ ಬೆಲೆ ತೆರಬೇಕೇ ಎಂಬ ಪ್ರಶ್ನೆಗೆ ಇದೇ ರಾಜ್ಯದ ಕರಾವಳಿಯಲ್ಲಿ ಬೇರೊಂದು ಉತ್ತರವಿದೆ. ನಗರದ ಜವಳಿ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಅದನ್ನು ವಿವರಿಸಿದರು. ಪಿನೊತೆಪಾ ದೆ ದೊನ್ ಲೂಯಿಸ್ ಎಂಬ ಊರಿನ ಮಿಶ್ತೆಕ್ ಜನ ಪೆಸಿಫಿಕ್ ಸಾಗರದ ಬಂಡೆಗಳಲ್ಲಿ ಒಂದು ಬಗೆಯ ಬಸವನಹುಳುವನ್ನು ಹುಡುಕುತ್ತಾರೆ. ನೀರು ಇಳಿದ ಹೊತ್ತಿನಲ್ಲಿ ಅದನ್ನು ಮೆಲ್ಲನೆ ಬಿಡಿಸಿ, ಅದು ಸುರಿಸುವ ಹಾಲಿನಂಥ ರಸವನ್ನು ಹತ್ತಿಯ ಲಡಿಗೆ ಸವರಿ, ಮತ್ತೆ ಒದ್ದೆಯಾದ ನೆರಳಿನ ಬಂಡೆಗೆ ಸೇರಿಸುತ್ತಾರೆ. ಗಾಳಿ ಬಿಸಿಲು ತಾಗಿದಂತೆ ರಸ ಹಳದಿಯಾಗಿ, ಹಸಿರಾಗಿ, ಕಡೆಗೆ ನೇರಳೆಯಾಗಿ ನಿಲ್ಲುತ್ತದೆ. ಅದೇ ಜೀವಿಯಿಂದ ಮತ್ತೆ ರಸ ಪಡೆಯುವ ಮುನ್ನ ಒಂದು ತಿಂಗಳಾದರೂ ಬಿಡುವುದು ಅವರ ಪದ್ಧತಿ. 1980ರ ದಶಕದಲ್ಲಿ ಹೊರದೇಶದ ವ್ಯಾಪಾರಿಗಳು ಈ ನಿಯಮವನ್ನು ಮುರಿದು ಜೀವಿಗಳನ್ನು ಸೂರೆಗೈದಾಗ, 1988ರಲ್ಲಿ ಸರ್ಕಾರ ಅದಕ್ಕೆ ಕಾನೂನಿನ ರಕ್ಷಣೆ ನೀಡಿತು. ಹಾಲು ಕರೆದು ಹಸುವನ್ನು ಮೇಯಲು ಬಿಡುವಂತಿರುವ ಈ ಕ್ರಮವನ್ನು ಕೇಳಿದ ಆ ತಾಯಿಯ ಮುಖ ಅರಳಿತು.

ಕಪ್ಪು ಮಣ್ಣು

ನಗರದ ದಕ್ಷಿಣಕ್ಕಿರುವ ಸಾನ್ ಬಾರ್ತೊಲೊ ಕೊಯೊತೆಪೆಕ್ ಕುಂಬಾರರ ಊರು. ಇವರಿಗೆ ತಿಗರಿ ಬೇಕಿಲ್ಲ. ಕವುಚಿದ ತಟ್ಟೆಯ ಮೇಲೆ ಇನ್ನೊಂದು ತಟ್ಟೆಯನ್ನಿಟ್ಟು ಕೈಯಿಂದಲೇ ತಿರುಗಿಸುತ್ತ ಮಡಕೆಯನ್ನು ಎತ್ತುತ್ತಾರೆ. ನೆಲದೊಳಗಿನ ಆವಿಗೆಯ ಬಾಯಿ ಮುಚ್ಚಿ ಸುಟ್ಟಾಗ ಗಾಳಿಯಿಲ್ಲದೆ ಮಣ್ಣು ಕಪ್ಪಾಗುತ್ತದೆ. ಹಿಂದೆ ಇವು ನೀರು ತುಂಬುವ ಬೂದುಬಣ್ಣದ ಗಟ್ಟಿ ಕೊಡಗಳಾಗಿದ್ದವು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂಬ ಕುಂಬಾರಗಿತ್ತಿ, ಒಣಗುತ್ತಿರುವ ಮಡಕೆಯನ್ನು ನುಣುಪಾದ ಕಲ್ಲಿನಿಂದ ಉಜ್ಜಿ ಕಡಿಮೆ ಶಾಖದಲ್ಲಿ ಸುಟ್ಟರೆ ಕನ್ನಡಿಯಂಥ ಹೊಳಪು ಬರುವುದನ್ನು ಕಂಡುಕೊಂಡರು. ಆ ಹೊಳಪು ಊರಿಗೆ ಅನ್ನ ಕೊಟ್ಟಿತು. ಆದರೆ ಹೊಳೆಯುವ ಕೊಡದಲ್ಲಿ ನೀರು ನಿಲ್ಲದು. ಅದು ಷೋಕೇಸಿನ ವಸ್ತು. ಪ್ಲಾಸ್ಟಿಕ್ ಕೊಡ ಬಂದ ಕಾಲದಲ್ಲಿ ಕುಂಬಾರಿಕೆ ಉಳಿದದ್ದು ಹೀಗೆ.

ಭಾನುವಾರದ ಸಂತೆ

ಈ ಕಣಿವೆಯಲ್ಲಿ ವಾರವೆಂದರೆ ಸಂತೆಗಳ ಸರಣಿ. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲೂಲಾ. ನಾವು ಭಾನುವಾರದ ಸಂತೆಯಲ್ಲಿ ಅಡ್ಡಾಡಿದೆವು. ಜಡೆಗೆ ಬಣ್ಣದ ರಿಬ್ಬನ್ ಹೆಣೆದ ಹೆಂಗಸರು ರಾಶಿ ರಾಶಿ ಒಣಮೆಣಸಿನಕಾಯಿ, ಹುರಿದ ಕೋಕೋ ಬೀಜ, ಕೋಪಲ್ ಎಂಬ ಧೂಪ, ಅರೆಯುವ ಕಲ್ಲು, ಬುಟ್ಟಿಗಳನ್ನು ಹರಡಿ ಕುಳಿತಿದ್ದರು. ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಮೆಕ್ಕೆಜೋಳದ ರೊಟ್ಟಿ ಮಣ್ಣಿನ ಹೆಂಚಿನ ಮೇಲೆ ಬೇಯುವ ವಾಸನೆ ಹಸಿವನ್ನು ಕೆರಳಿಸುತ್ತಿತ್ತು. ಸಸ್ಯಾಹಾರಿಗಳು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಹುರುಳಿಕಾಯಿ ಜಾತಿಯ ಕಾಳಿನ ಪಲ್ಯಕ್ಕೂ ರೊಟ್ಟಿಗೂ ಹಂದಿಯ ಕೊಬ್ಬು ಸವರುವ ರೂಢಿಯುಂಟು. 'ಸಿನ್ ಮಾಂತೆಕಾ', ಅಂದರೆ ಕೊಬ್ಬಿಲ್ಲದೆ, ಎಂದು ಮೊದಲೇ ಹೇಳಿದರೆ ಸಂತೋಷದಿಂದ ಬೇರೆ ಮಾಡಿಕೊಡುತ್ತಾರೆ.

ಇದೇ ಸಂತೆಯಲ್ಲಿ ನೇಕಾರರ ಮನೆಯ ಹಾಸಿನಂತೆಯೇ ಕಾಣುವ, ಯಂತ್ರದಲ್ಲಿ ನೇಯ್ದ ಹಾಸುಗಳು ಬಹಳ ಅಗ್ಗಕ್ಕೆ ದೊರೆಯುತ್ತಿದ್ದವು. ಮರುದಿನ ನಾವು ಮತ್ತೆ ತೆಯೊತಿತ್ಲಾನ್‌ಗೆ ಹೋದಾಗ ಜೊತೆಗಾರರೊಬ್ಬರು ಆ ಬೆಲೆಯನ್ನು ಹೇಳಿ ಚೌಕಾಸಿಗೆ ತೊಡಗಿದರು. ಮನೆಯವರು ವಾದಿಸಲಿಲ್ಲ. ಅಜ್ಜಿ ನಗುತ್ತ ಹಿಂಜಿದ ಉಣ್ಣೆಯನ್ನೂ ರಾಟೆಯ ಹಿಡಿಯನ್ನೂ ಅವರ ಕೈಗೆ ಕೊಟ್ಟರು. ಕಾಲು ಗಂಟೆ ಹೆಣಗಿದರೂ ಒಂದು ಮೊಳ ಸಮನಾದ ನೂಲು ಬರಲಿಲ್ಲ. ಅವರು ಕೇಳಿದ ಬೆಲೆಯನ್ನೇ ಕೊಟ್ಟು ಹಾಸನ್ನು ಮಡಿಚಿಕೊಂಡರು. ಚೌಕಾಸಿಯಲ್ಲಿ ನಾವು ಉಳಿಸುವ ಹಣ ಯಾರದೋ ದಿನಗಳಿಂದ ಕಳೆದ ಹಣವೆಂಬುದನ್ನು ಯಾವ ಉಪದೇಶವೂ ಇಷ್ಟು ಸ್ಪಷ್ಟವಾಗಿ ತಿಳಿಸಲಾರದು.

ಬೆಲೆಯ ಪ್ರಶ್ನೆ ಸಂತೆಗೆ ಮುಗಿಯುವುದಿಲ್ಲ. 2015ರಲ್ಲಿ ಇದೇ ರಾಜ್ಯದ ಬೆಟ್ಟದ ಊರೊಂದರ ಹೆಂಗಸರ ಕಸೂತಿ ರವಿಕೆಯ ವಿನ್ಯಾಸವನ್ನು ವಿದೇಶಿ ಸಂಸ್ಥೆಯೊಂದು ನಕಲು ಮಾಡಿತೆಂದು ದೊಡ್ಡ ವಿವಾದವೆದ್ದಿತು. 2022ರ ಜನವರಿಯಲ್ಲಿ ಮೂಲನಿವಾಸಿ ಸಮುದಾಯಗಳ ಇಂಥ ಪರಂಪರೆಯನ್ನು ರಕ್ಷಿಸುವ ರಾಷ್ಟ್ರೀಯ ಕಾಯಿದೆ ಜಾರಿಗೆ ಬಂದಿತು.

ಮುಯ್ಯಿಯ ಪುಸ್ತಕ

ಹೊರಗಿನವರಿಗೆ ಹೀಗೆ ಬೆಲೆ ಹೇಳುವ ಈ ಜನ ತಮ್ಮೊಳಗೆ ನಡೆಸುವ ವ್ಯವಹಾರವೇ ಬೇರೆ. ಅದರ ಹೆಸರು ಗೆಲಾಗೆತ್ಸಾ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಜೋಳ, ಕೋಕೋ, ಕೋಳಿಗಳನ್ನು ಕೊಡುತ್ತಾರೆ. ಕೊಟ್ಟದ್ದನ್ನು ಅಳತೆ ತೂಕ ಸಹಿತ ಪುಸ್ತಕದಲ್ಲಿ ಬರೆದಿಡುತ್ತಾರೆ. ಎಷ್ಟೇ ವರ್ಷಗಳಾದರೂ ಅವರ ಮನೆಯಲ್ಲಿ ಕಾರ್ಯ ನಡೆದಾಗ ಅಷ್ಟನ್ನೂ ಹಿಂತಿರುಗಿಸಬೇಕು. ತಂದೆ ತೀರಿಸದ್ದನ್ನು ಮಗ ತೀರಿಸಬೇಕು. ನಮ್ಮ ಹಳ್ಳಿಗಳ ಮುಯ್ಯಿಯ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ರಸ್ತೆ, ಕಾಲುವೆಗಳಿಗೆ ಪ್ರತಿ ಮನೆಯವರೂ ಕೂಲಿಯಿಲ್ಲದೆ ದುಡಿಯುವ ತೆಕಿಯೊ ಎಂಬ ಕ್ರಮವೂ ಉಂಟು. ನೆಲಹಾಸು ಮಾರಿ ಬಂದ ಹಣದ ಒಂದು ಪಾಲು ಈ ಋಣಗಳನ್ನು ತೀರಿಸಲು ಹೋಗುತ್ತದೆ. ಆದ್ದರಿಂದ ಇಲ್ಲಿ ಒಂದು ಮಗ್ಗ ನಿಂತರೆ ಒಂದು ಮನೆಯ ಗಳಿಕೆಯೊಡನೆ ಊರಿನ ಕೊಡುಕೊಳ್ಳುವಿಕೆಯ ಒಂದು ಎಳೆಯೂ ಕಡಿಯುತ್ತದೆ.

ಮಕ್ಕಳೊಡನೆ ಆ ಕಡೆಗೆ ಹೋಗುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೆ. ನವೆಂಬರಿನಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಹೋಗಿರಿ. ಚಿಕ್ಕ ತಂಡದಲ್ಲಿ ಹೋಗಿರಿ. ಕೊಳ್ಳುವುದಿದ್ದರೆ ಮಾಡಿದವರ ಕೈಯಿಂದಲೇ ಕೊಳ್ಳಿರಿ. ಬಣ್ಣ ಯಾವುದರಿಂದ ಬಂತೆಂದು ಕೇಳಿ ತಿಳಿಯಿರಿ. ಕೆಂಪು ಬೇಡವೆನಿಸಿದವರಿಗೆ ನೀಲಿಗಿಡದ ನೀಲಿಯೂ, ಚೆಂಡುಹೂವಿನ ಜಾತಿಯ ಗಿಡದಿಂದ ತೆಗೆದ ಹಳದಿಯೂ ಅದೇ ಅಂಗಳದಲ್ಲಿ ದೊರೆಯುತ್ತವೆ. ಬೆಲೆ ಎಷ್ಟೆಂದು ಕೇಳುವ ಮುನ್ನ, ಇದಕ್ಕೆ ಎಷ್ಟು ದಿನ ಹಿಡಿಯಿತೆಂದು ಕೇಳಲು ಮಕ್ಕಳಿಗೆ ಕಲಿಸಿರಿ. ಹಾಗೆ ಕೇಳಿದ ಮನೆಗಳಲ್ಲೆಲ್ಲ ನಮಗೆ ಕೂರಲು ಮಣೆ ಹಾಕಿ, ಬಿಸಿ ಚಾಕೊಲೇಟಿನ ಬಟ್ಟಲು ತಂದಿಟ್ಟು, ನಿಧಾನವಾಗಿ ಉತ್ತರ ಹೇಳಿದರು.