ಹಳೆಯ ಕಾರಿನ ಕಸುವು: ಬಸವನಗುಡಿಯಿಂದ ಚಾಮರಾಜಪೇಟೆಗೆ

ತುಮಕೂರಿನಿಂದ ಬೆಂಗಳೂರಿಗೆ ಹೋದಾಗಲೆಲ್ಲ ಬಸವನಗುಡಿಯ ತಮ್ಮನ ಮನೆಯಲ್ಲಿ ಇಳಿದುಕೊಳ್ಳುವುದು ನನ್ನ ರೂಢಿ. ಆ ಮನೆಯ ಮುಂದೆ, ಹೊಂಗೆಯ ಮರದ ನೆರಳಿನಲ್ಲಿ, ನಮ್ಮ ತಂದೆಯವರು 1996ರಲ್ಲಿ ಕೊಂಡ ಬಿಳಿಯ ಮಾರುತಿ 800 ಕಾರು ಇಂದಿಗೂ ನಿಂತಿದೆ. ತಂದೆಯವರು ಲಿಂಗೈಕ್ಯರಾದ ಮೇಲೂ ನಮ್ಮ ತಾಯಿಯವರು ವರ್ಷಕ್ಕೆರಡು ಬಾರಿ ಸಿದ್ಧಗಂಗೆಗೆ ಬರುವುದು ಅದರಲ್ಲಿಯೇ. ಬೇರೆ ಕಾರನ್ನು ಅವರು ಒಪ್ಪುವುದಿಲ್ಲ.

ಈ ಸಲ ನಾನು ಹೋದಾಗ ತಮ್ಮನ ಮಗ ಬಹಳ ಹುರುಪಿನಲ್ಲಿದ್ದ. "ದೊಡ್ಡಪ್ಪ, ಕಾರು ಏರಿನಲ್ಲಿ ಎಳೆಯುವುದೇ ಇಲ್ಲ. ಎಂಜಿನ್ ಕೆಲಸ ಮಾಡಿಸಿ ಶಕ್ತಿ ಹೆಚ್ಚಿಸುತ್ತೇನೆ. ಆಮೇಲೆ ನಂದಿಬೆಟ್ಟದಲ್ಲಿ ನೋಡಿ!" ಎಂದ. ನಾಳಿದ್ದು ಮುಂಗಡ ಹಣ ಕೊಡುವವನಿದ್ದ. ಅವನ ತಾಯಿ ಒಳಗಿನಿಂದಲೇ, "ಭಾವನವರೇ, ನೀವಾದರೂ ಒಂದು ಮಾತು ಹೇಳಿ" ಎಂದರು. ನಂದಿಬೆಟ್ಟದ ತಿರುವುಗಳನ್ನು ಬಲ್ಲ ತಾಯಿಯ ಕಳವಳ ಅದು. ಬೇಡವೆಂದರೆ ಹಟ ಬೆಳೆದೀತೆಂದು ನಾನು, "ನಡೆ, ನಾನೂ ನೋಡುತ್ತೇನೆ" ಎಂದೆ.

ಮೊದಲು ದೊಡ್ಡ ಬಸವನ ದರ್ಶನ ಮಾಡಿದೆವು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಆ ಗುಡಿಯ ಬಸವ ದಿನದಿನಕ್ಕೂ ಬೆಳೆಯುತ್ತಿದ್ದನಂತೆ. ತಲೆಯ ಮೇಲೆ ತ್ರಿಶೂಲವನ್ನಿಟ್ಟ ಮೇಲೆ ಬೆಳವಣಿಗೆ ನಿಂತಿತೆಂದು ಹಿರಿಯರು ಹೇಳುವ ಕತೆ. ಹುಡುಗ ಕೇಳಿ ನಕ್ಕ. ಅಲ್ಲಿಂದ ಗಾಂಧಿ ಬಜಾರಿನ ಹೂವಿನ ಸಾಲನ್ನು ಹಾದು, ನ್ಯಾಷನಲ್ ಕಾಲೇಜಿನ ಬಳಿ 2017ರಿಂದ ತಲೆಯ ಮೇಲೆ ಓಡುತ್ತಿರುವ ಮೆಟ್ರೊ ರೈಲನ್ನು ನೋಡುತ್ತ, ಮಿನರ್ವ ವೃತ್ತದಿಂದ ಜೆ.ಸಿ. ರಸ್ತೆಗೆ ನಡೆದೆವು.

ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆ ಪುಟ್ಟಣ್ಣಚೆಟ್ಟಿ ಪುರಭವನದವರೆಗೂ ಸಾಗುತ್ತದೆ. 1935ರ ಆ ಪುರಭವನದಲ್ಲಿ ಸಭೆ, ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ, ನಡುವೆ ಮೋಟಾರಿನ ಬಿಡಿಭಾಗಗಳ ಅಂಗಡಿಗಳ ಸಾಲು. ಅಂಗಡಿಯೊಂದರ ಮುಂದೆ ನಿಂತು ಹುಡುಗ ತನ್ನ ಯೋಜನೆಯನ್ನು ವಿವರಿಸಿದ: ಹೆಡ್ಡನ್ನು ತುಸು ಹೆರೆದು ಒತ್ತಡ ಹೆಚ್ಚಿಸುವುದು, ಸಿಲಿಂಡರನ್ನು ಕೊರೆಸಿ ಅಗಲಿಸುವುದು, ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಹಾಕುವುದು, ಸೈಲೆನ್ಸರ್ ಬದಲಿಸುವುದು. ಸಾಲದಿದ್ದರೆ ಜೆನ್ ಕಾರಿನ 993 ಸಿ.ಸಿ. ಎಂಜಿನ್ನನ್ನೇ ಕೂರಿಸುವುದು.

ಮರುದಿನ ಕಾರಿನಲ್ಲಿ ಚಾಮರಾಜಪೇಟೆಗೆ ಹೋದೆವು. 1892ರಲ್ಲಿ ಹುಟ್ಟಿದ ಈ ಬಡಾವಣೆ, ಪ್ಲೇಗಿನ ಕಾಲದ ಬಸವನಗುಡಿ, ಮಲ್ಲೇಶ್ವರಗಳಿಗಿಂತ ಹಿರಿದು. ಕನ್ನಡ ಸಾಹಿತ್ಯ ಪರಿಷತ್ತು ಇರುವುದೂ ಇಲ್ಲಿಯೇ. ಇಲ್ಲಿಯ ಅಡ್ಡರಸ್ತೆಯೊಂದರ ಹಳೆಯ ಶೆಡ್ಡಿನಲ್ಲಿ ತಂದೆಯವರು ನಂಬಿದ್ದ ವೃದ್ಧ ಮೇಸ್ತ್ರಿ ಇನ್ನೂ ಕಾಯಕ ಬಿಟ್ಟಿಲ್ಲ.

ಅವರು ಹುಡುಗನ ಮಾತನ್ನೆಲ್ಲ ಕೇಳಿ, ಸೀಮೆಸುಣ್ಣದಿಂದ ನೆಲದ ಮೇಲೆ ಲೆಕ್ಕ ಬರೆದರು. "ತಮ್ಮಾ, ಇದಕ್ಕೆ ಮೂರು ಸಿಲಿಂಡರು. ಅಗಲ 68.5 ಮಿಲಿಮೀಟರ್, ಪಿಸ್ಟನ್ ಓಡುವ ದೂರ 72. ಒಟ್ಟು 796 ಸಿ.ಸಿ. ಅರ್ಧ ಮಿಲಿಮೀಟರ್ ಕೊರೆದರೆ 808 ಆಗುತ್ತದೆ. ನೂರಕ್ಕೆ ಒಂದೂವರೆ ಪಾಲು! ಅದಕ್ಕಾಗಿ ಗೋಡೆಯನ್ನು ತೆಳು ಮಾಡುತ್ತೀಯಾ? ಹೆಡ್ ಹೆರೆದರೆ ಶಕ್ತಿ ಬರುವುದು ನಿಜ. ಮಿತಿ ಮೀರಿದರೆ ಪೆಟ್ರೋಲು ಅಕಾಲದಲ್ಲಿ ಹೊತ್ತಿ ಪಿಸ್ಟನ್ನನ್ನು ಬಡಿಯುತ್ತದೆ. ಗಾಳಿ ಹೆಚ್ಚಿಸದೆ ಜೆಟ್ ದೊಡ್ಡದು ಮಾಡಿದರೆ ಹೊಗೆ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. ಈ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ಮೊದಲೇ ತೆಳು. ಕರಾವಳಿಯಲ್ಲಿ ಕೊಡುವ ಬಲದಲ್ಲಿ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲು ಇಲ್ಲಿ ಹಾಗೆಯೇ ಕಡಿಮೆ."

ಆಮೇಲೆ ಒಂದೊಂದೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಒತ್ತಡದ ಮೀಟರ್ ಹಿಡಿದರು. ಎರಡು ಸಿಲಿಂಡರುಗಳಲ್ಲಿ ಮುಳ್ಳು 12ರ ಬಳಿ ನಿಂತಿತು, ಮೂರನೆಯದರಲ್ಲಿ 8ಕ್ಕೆ. ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿದರು. ಮುಳ್ಳು ಏರಲಿಲ್ಲ. "ಏರಿದ್ದರೆ ರಿಂಗ್ ಸವೆದಿದೆ ಎಂದರ್ಥ. ಏರಲಿಲ್ಲ, ಆದ್ದರಿಂದ ವಾಲ್ವ್ ಸೋರುತ್ತಿದೆ. ಕಂಪನಿಯವರು ಕೊಟ್ಟ ಬಲವೇ ನಲವತ್ತು ಅಶ್ವಶಕ್ತಿಗೂ ತುಸು ಕಡಿಮೆ. ಅದರಲ್ಲಿ ಎಷ್ಟೋ ಭಾಗ ಇಲ್ಲಿ ಸೋರಿಹೋಗುತ್ತಿದೆ. ಇರುವುದನ್ನು ಉಳಿಸಿಕೊಳ್ಳದೆ ಹೊಸದನ್ನು ಕೇಳುತ್ತೀಯಲ್ಲ!" ಎಂದರು. ಹುಡುಗ ಮೊದಲ ಬಾರಿಗೆ ಸುಮ್ಮನಾದ.

ನಾನೂ ನನಗೆ ತಿಳಿದದ್ದನ್ನು ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ತಿದ್ದುಪಡಿಯಂತೆ ಇಂತಹ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ವಿಮೆಯವರಿಗೆ ತಿಳಿಸದೆ ಎಂಜಿನ್ ಬದಲಿಸಿದರೆ ಅಪಘಾತದ ಪರಿಹಾರಕ್ಕೂ ತೊಡಕು. ಅದಕ್ಕಿಂತ ಮುಖ್ಯವಾದುದು ಬ್ರೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು 80ಕ್ಕೇರಿದರೆ, ಬ್ರೇಕು ಒತ್ತಿದ ಮೇಲೆ ಅದು ಸಾಗುವ ದೂರ ಸುಮಾರು ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಎಂಜಿನ್ ಬೆಳೆದರೂ ಬ್ರೇಕು ಹಳೆಯದೇ ಅಲ್ಲವೇ? "ಬೆಳೆಯುವ ಬಸವನಿಗೂ ತಲೆಯ ಮೇಲೊಂದು ತ್ರಿಶೂಲ ಬೇಕಾಯಿತು" ಎಂದೆ. ಮೇಸ್ತ್ರಿ ಜೋರಾಗಿ ನಕ್ಕರು. ಹುಡುಗನೂ ನಕ್ಕ.

ಕೆಲಸ ಮೂರು ದಿನ ಹಿಡಿಯಿತು. ಹೆಡ್ ಇಳಿಸಿ ವಾಲ್ವುಗಳನ್ನು ಉಜ್ಜಿ ಕೂರಿಸಿದರು. ಹೊಸ ಗ್ಯಾಸ್ಕೆಟ್, ಏರ್ ಫಿಲ್ಟರ್, ಪ್ಲಗ್ಗುಗಳನ್ನು ಹಾಕಿ ಟೈಮಿಂಗ್ ಸರಿಪಡಿಸಿದರು. ಹಿಂದಿನ ಚಕ್ರವೊಂದರಲ್ಲಿ ಬ್ರೇಕು ಹಿಡಿದುಕೊಂಡೇ ಇದ್ದುದು ಆಗ ತಿಳಿಯಿತು. ಉಳಿದ ಹಣದಲ್ಲಿ ಹುಡುಗ ತಾನಾಗಿಯೇ ಬ್ರೇಕಿನ ಲೈನಿಂಗನ್ನೂ ನಾಲ್ಕು ಟೈರುಗಳನ್ನೂ ಹೊಸದಾಗಿ ಹಾಕಿಸಿದ. ಬ್ಯೂಗಲ್ ರಾಕ್ ಬಳಿಯ ಏರನ್ನು ಕಾರು ಕೆಮ್ಮದೆ ಹತ್ತಿತು.

ಮುಂದಿನ ಸೋಮವಾರ ಅವನೇ ಓಡಿಸಿಕೊಂಡು ಅಜ್ಜಿಯನ್ನು ಸಿದ್ಧಗಂಗೆಗೆ ಕರೆತಂದ. ನಾನು ತುಮಕೂರಿನಿಂದ ಹೋಗಿ ಮಠದ ಬಾಗಿಲಲ್ಲಿ ಕಾದಿದ್ದೆ. ತಾಯಿಯವರು ಮೊಮ್ಮಗನ ಭುಜ ಹಿಡಿದು ಇಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ನಿಮ್ಮಪ್ಪ ಓಡಿಸುತ್ತಿದ್ದಾಗಿನ ಹಾಗೆಯೇ ಬಂತಪ್ಪ" ಎಂದರು. ಹುಡುಗ ನನ್ನತ್ತ ನೋಡಿ, "ದೊಡ್ಡಪ್ಪ, ನಂದಿಬೆಟ್ಟಕ್ಕೂ ಅಜ್ಜಿಯನ್ನೇ ಕರೆದುಕೊಂಡು ಹೋಗುತ್ತೇನೆ" ಎಂದ.